ಗ್ರೂಪಿನಲ್ಲಿ 14 ಹೆಬ್ಬೆಟ್ಟು, ಫಾರ್ಮಿನಲ್ಲಿ 6

ಈ ವಾರ ಎಚ್‌ಆರ್‌ನಿಂದ ಮತ್ತೆ ಸರ್ವೇ ಲಿಂಕ್ ಬಂದಿದೆ. ಮನೆ, ಆಫೀಸು, ಹೈಬ್ರಿಡ್, ಇದರಲ್ಲಿ ಯಾವುದು ಬೇಕು ಹೇಳಿ ಅಂತ. ಸಂಜೆ ಹಡಲ್‌ನಲ್ಲಿ, ಅಂದರೆ ಟೀಮಿನ ಚಿಕ್ಕ ಮೀಟಿಂಗಿನಲ್ಲಿ, ಇದನ್ನು ಹೇಳಿದ ತಕ್ಷಣ ಹಳಬರಲ್ಲಿ ಒಬ್ಬಳು, "ಈ ಸಲ ಗ್ರೂಪಲ್ಲಿ ಕೇಳುದಿಲ್ವಾ ಸರ್?" ಅಂದಳು. ನಾಲ್ಕೈದು ಜನ ನಕ್ಕರು. ಹೊಸಬರಿಗೆ ಏನೂ ಅರ್ಥ ಆಗಲಿಲ್ಲ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಹೇಗೂ ಕ್ಯಾಂಟೀನಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಉಪ್ಪು ಖಾರ ಸೇರಿಸಿ.

ನಾನು ಮಂಗಳೂರಿನ ಒಂದು ಆರ್‌ಸಿಎಂ ಕಂಪನಿಯಲ್ಲಿ, ಅಂದರೆ ಅಮೆರಿಕದ ಆಸ್ಪತ್ರೆಗಳ ಬಿಲ್ಲಿನ ದುಡ್ಡು ವಸೂಲಿ ನೋಡಿಕೊಳ್ಳುವ ಕಂಪನಿಯಲ್ಲಿ, ಟೀಮ್ ಲೀಡ್ (ಟಿಎಲ್). ಎಆರ್ ಕಾಲಿಂಗ್, ಬಾಕಿ ಉಳಿದ ಬಿಲ್ಲಿಗೆ ಅಲ್ಲಿನ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಕೇಳುವ ಕೆಲಸ. ಸಂಜೆ ಆರೂವರೆಗೆ ಲಾಗಿನ್, ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಏಳೂವರೆಗೆ. ಫ್ಲೋರಿನಲ್ಲಿ ಮೊಬೈಲ್ ಇಲ್ಲ, ಪೆನ್ನಿಲ್ಲ, ಒಂದು ತುಂಡು ಕಾಗದ ಇಲ್ಲ. ಎಲ್ಲ ಹಿಪಾ ಮಹಿಮೆ, ರೋಗಿಗಳ ಮಾಹಿತಿ ಗುಟ್ಟಾಗಿಡಬೇಕು ಅನ್ನುವ ಅಮೆರಿಕದ ಕಾನೂನು. ಇಂಥ ಕೆಲಸವನ್ನು ಮನೆಯಿಂದ ಮಾಡಬಹುದು ಅಂತ 2019ರಲ್ಲಿ ಯಾರಾದರೂ ಹೇಳಿದ್ದರೆ ಕಂಪ್ಲಯನ್ಸ್‌ನವರು ನಕ್ಕು ಕಳಿಸುತ್ತಿದ್ದರು. ಕಾಲ್ ಸೆಂಟರ್‌ನಂಥ ಕಂಪನಿಗಳಿಗೆ ಅಂತ ದೂರಸಂಪರ್ಕ ಇಲಾಖೆ ಮಾಡಿದ್ದ ಓಎಸ್‌ಪಿ ನಿಯಮದ ಕಾಟ ಬೇರೆ ಇತ್ತು. 2020ರ ಮಾರ್ಚ್‌ನಲ್ಲಿ ಇಲಾಖೆ ಅದನ್ನು ಸದ್ಯಕ್ಕೆ ಅಂತ ಸಡಿಲ ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಹೊಸ ನಿಯಮ ಬಂದು ಮನೆಯಿಂದ ಕೆಲಸಕ್ಕೆ ದಾರಿ ಪೂರ್ತಿ ಸಲೀಸಾಯಿತು. ಅಷ್ಟು ಹೊತ್ತಿಗೆ ನಮ್ಮ ಡೆಸ್ಕ್‌ಟಾಪುಗಳು ಟೆಂಪೋ ಹತ್ತಿ ಬೆಳ್ತಂಗಡಿ, ಕಾರ್ಕಳ, ಕುಂದಾಪುರ ಸೇರಿ ಆಗಿತ್ತು.

ನನ್ನ ಮನೆ ಮೂಲ್ಕಿ. ಮಹಡಿಯಲ್ಲಿ ನನಗೇ ಅಂತ ಒಂದು ಕೋಣೆ ಇದೆ. ಇನ್ವರ್ಟರ್ ಇದೆ, ಫೈಬರ್ ಇದೆ. ಮುಂಚೆ ಹಳೆಯಂಗಡಿ, ಸುರತ್ಕಲ್, ಕೂಳೂರು ಅಂತ ಕ್ಯಾಬಿನಲ್ಲಿ ಕೂತು ಕೂತು ಸೊಂಟ ಹಿಡಿಯುತ್ತಿತ್ತು. ಜೋರು ಮಳೆ ಬಂದರೆ ಕೊಟ್ಟಾರ ಚೌಕಿಯಲ್ಲಿ ರಸ್ತೆ ಎಲ್ಲಿ, ತೋಡು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಈಗ ಲಾಗೌಟ್ ಮಾಡಿದರೆ ಐದು ನಿಮಿಷಕ್ಕೆ ಹಾಸಿಗೆ. ಇಂಥ ಸುಖ ಬಿಟ್ಟು ಯಾರಾದರೂ ಆಫೀಸು ಬೇಕು ಅನ್ನುತ್ತಾರಾ? ನನಗಂತೂ ಆ ಅನುಮಾನವೇ ಬರಲಿಲ್ಲ.

2023ರಲ್ಲಿ ಗಾಳಿ ತಿರುಗಿತು. ಆಗಸ್ಟಿನಲ್ಲಿ ಝೂಮ್‌ನವರೇ, ಆಫೀಸಿನ ಹತ್ತಿರ ಇರುವವರು ವಾರಕ್ಕೆ ಎರಡು ದಿನವಾದರೂ ಬರಬೇಕು ಅಂದರು. ಮನೆಯಲ್ಲಿ ಕೂತು ಮೀಟಿಂಗ್ ಮಾಡಿ ಅಂತ ಲೋಕಕ್ಕೆಲ್ಲ ಆ್ಯಪ್ ಕೊಟ್ಟವರು ಇವರೇ ಅಲ್ವಾ! ಅಕ್ಟೋಬರ್ 1ರಿಂದ ಟಿಸಿಎಸ್‌ನಲ್ಲಿ ವಾರಕ್ಕೆ ಐದು ದಿನ ಆಯಿತು. ನಮ್ಮ ಮ್ಯಾನೇಜ್‌ಮೆಂಟ್ ಕಾಯುತ್ತಿದ್ದದ್ದೇ ಇದಕ್ಕೆ. ದೊಡ್ಡವರು ಮಾಡಿದರೆ ನಮ್ಮವರಿಗೂ ಧೈರ್ಯ ಬರುತ್ತದೆ. ದೀಪಾವಳಿ ಕಳೆದ ಮೇಲೆ ಬೆಂಗಳೂರಿನಿಂದ ಆಪರೇಷನ್ಸ್ ಹೆಡ್ ಬರುತ್ತಾರೆ, ಎಲ್ಲ ಟಿಎಲ್‌ಗಳೂ ತಮ್ಮ ಟೀಮಿನ ಅಭಿಪ್ರಾಯ ಹೇಳಬೇಕು ಅಂತ ಮೇಲ್ ಬಂತು. ಅದರ ಜತೆ ಎಲ್ಲರಿಗೂ ಒಂದು ಫಾರ್ಮ್ ಲಿಂಕ್. ಹೆಸರು ಬೇಡ, ಟೀಮ್ ಕೋಡ್ ಹಾಕಿದರೆ ಸಾಕು.

ಫಾರ್ಮನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೇರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ: "ನಮಗೆಲ್ಲ ಡಬ್ಲ್ಯೂಎಫ್‌ಎಚ್ (ಮನೆಯಿಂದ ಕೆಲಸ) ಮುಂದುವರಿಯಲಿ, ಅಲ್ವಾ? ಒಪ್ಪಿಗೆ ಇದ್ದವರು ಹೆಬ್ಬೆಟ್ಟು ಒತ್ತಿ." ಮೊದಲ ಹೆಬ್ಬೆಟ್ಟು ನಾನೇ ಒತ್ತಿದೆ. ಊಟ ಮುಗಿಸಿ ಬರುವಷ್ಟರಲ್ಲಿ ನನ್ನದು ಬಿಟ್ಟು 14 ಬಿದ್ದಿದ್ದವು. ಟೀಮಿನಲ್ಲಿ ಇದ್ದದ್ದೇ 14 ಜನ.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನನಗೆ ಮೀಟಿಂಗಿನಲ್ಲಿ ಮಿಂಚಬೇಕಿತ್ತು. ಸ್ಟ್ಯಾನ್‌ಫೋರ್ಡಿನ ನಿಕೊಲಸ್ ಬ್ಲೂಮ್ ಮತ್ತು ಜತೆಯವರು ಚೀನಾದ ಸಿಟ್ರಿಪ್ ಅನ್ನುವ ಟ್ರಾವೆಲ್ ಕಂಪನಿಯಲ್ಲಿ ಮಾಡಿದ ಪ್ರಯೋಗವನ್ನು ಹುಡುಕಿ ತೆಗೆದೆ. ಅದೂ ನಮ್ಮ ಹಾಗೆ ಕಾಲ್ ಸೆಂಟರ್. ಮನೆಯಿಂದ ಮಾಡುತ್ತೇವೆ ಅಂದವರಲ್ಲಿ ಸಮ ಸಂಖ್ಯೆಯ ತಾರೀಕಿಗೆ ಹುಟ್ಟಿದವರನ್ನು ಮನೆಗೆ ಕಳಿಸಿದರು, ಬೆಸ ತಾರೀಕಿನವರನ್ನು ಆಫೀಸಿನಲ್ಲೇ ಕೂರಿಸಿದರು. 9 ತಿಂಗಳು ನೋಡಿದರು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಜಾಸ್ತಿ ಆಗಿತ್ತು. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕೆ ಇಳಿದಿದ್ದರು. ಸ್ಲೈಡಿನಲ್ಲಿ 13 ಅನ್ನು ಇಷ್ಟು ದೊಡ್ಡದಾಗಿ ಹಾಕಿದೆ.

ಮೀಟಿಂಗ್ ದಿನ ಕಾನ್ಫರೆನ್ಸ್ ರೂಮಿನ ಎಸಿ ಎಂದಿನ ಹಾಗೆ ಫ್ರಿಜ್. ನನ್ನದು ನಾಲ್ಕನೇ ಪಾಳಿ. ಮುಂಚಿನ ಮೂವರು ಟಿಎಲ್‌ಗಳು "ಮಿಕ್ಸ್ಡ್ ಒಪೀನಿಯನ್ ಸರ್" ಅಂತ ಏನೋ ಮುಲುಗಿ ಕೂತರು. ಹೇಡಿಗಳು ಅಂದುಕೊಂಡೆ. ನಾನು ಎದ್ದು ನಿಂತೇ ಮಾತಾಡಿದೆ. "ನನ್ನ ಟೀಮಿನಲ್ಲಿ ಎರಡು ಅಭಿಪ್ರಾಯ ಇಲ್ಲ ಸರ್. ಅಷ್ಟೂ ಜನ ಮನೆಯಿಂದಲೇ ಅನ್ನುತ್ತಿದ್ದಾರೆ" ಅಂದೆ. ಸಿಟ್ರಿಪ್ ಹೇಳಿದೆ. 13 ತೋರಿಸಿದೆ.

ಹೆಡ್ ಕೊನೆವರೆಗೂ ಬಾಯಿ ಹಾಕಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟದ್ದು. ಆಮೇಲೆ ಮೆಲ್ಲ ಕೇಳಿದರು:

"ಆ ಪ್ರಯೋಗಕ್ಕೆ ಯಾರನ್ನು ತಗೊಂಡ್ರು?"

"ಮನೆಯಿಂದ ಮಾಡ್ತೇವೆ ಅಂದವರನ್ನು ಸರ್."

"ಅವರಲ್ಲಿ ಯಾರನ್ನು?"

ನನಗೆ ನೆನಪಿತ್ತು. ಸ್ಲೈಡಿಗೆ ಹಾಕದೆ ಬಿಟ್ಟ ಸಾಲು ಅದು. "ಬೇರೆ ಕೋಣೆ, ಬ್ರಾಡ್‌ಬ್ಯಾಂಡ್ ಇದ್ದವರನ್ನು" ಅಂದೆ. ನನ್ನ ದನಿ ಒಂದು ಮೆಟ್ಟಿಲು ಇಳಿದದ್ದು ನನಗೇ ಕೇಳಿಸಿತು.

"9 ತಿಂಗಳು ಆದ ಮೇಲೆ?"

ಇದಕ್ಕೆ ಉತ್ತರ ಗೊತ್ತಿರಲಿಲ್ಲ. ನಾನು ಅಷ್ಟು ದೂರ ಓದಿರಲಿಲ್ಲ. ಅವರೇ ಹೇಳಿದರು: ಮನೆಯೋ ಆಫೀಸೋ ಮತ್ತೊಮ್ಮೆ ಆಯ್ದುಕೊಳ್ಳಿ ಅಂದಾಗ ಅರ್ಧಕ್ಕಿಂತ ಜಾಸ್ತಿ ಜನ ಮನಸ್ಸು ಬದಲಿಸಿದರಂತೆ. ಒಬ್ಬರೇ ಇದ್ದು ಬೇಜಾರು ಅಂತ ಮನೆಯಿಂದ ವಾಪಸ್ ಬಂದವರೂ ಇದ್ದರಂತೆ. ಅಷ್ಟೇ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಪ್ರಮೋಷನ್ ಸಿಕ್ಕಿದ್ದು ಕಡಿಮೆಯಂತೆ.

"ಅದು ಶಾಂಘೈ, ಬಿಡಿ" ಅಂತ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. "ಇದು ನಿಮ್ಮ ಟೀಮು."

ಮನೆ 6. ಆಫೀಸು 5. ಹೈಬ್ರಿಡ್ 3.

ಟೀಮ್ ಕೋಡ್ ನಮ್ಮದೇನಾ ಅಂತ ಎರಡೆರಡು ಸಲ ನೋಡಿದೆ. ನಮ್ಮದೇ. ಪಕ್ಕದ ಟಿಎಲ್ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದ. ನಗು ತಡೆಯಲಿಕ್ಕೆ ಅಂತ ಈಗ ಗೊತ್ತು. ಆ ಹೊತ್ತಿನಲ್ಲಿ ಸುಮ್ನೆ ಕೂರುವ ಬುದ್ಧಿ ಬರಬೇಕಿತ್ತು. ಬರಲಿಲ್ಲ. "ಫಾರ್ಮಲ್ಲಿ ಏನೋ ಮಿಸ್ಟೇಕ್ ಆಗಿರಬೇಕು ಸರ್" ಅಂದೆ.

"ಎಂಟು ಮಿಸ್ಟೇಕಾ?" ಅಂದರು.

ಅಂದು ರಾತ್ರಿ ನಾನು ಮಾಡಿದ್ದು ಇನ್ನೂ ದಡ್ಡತನ. ಲಾಗಿನ್ ಆದ ಕೂಡಲೇ ಹಡಲ್ ಕರೆದು, "ಆ ಎಂಟು ಜನ ಯಾರು ಹೇಳಿ, ನಾನೇನೂ ಅನ್ನುವುದಿಲ್ಲ" ಅಂದೆ. ಎಲ್ಲರ ಮೈಕೂ ಮ್ಯೂಟ್. ಒಬ್ಬೊಬ್ಬರಿಗೇ ಕಾಲ್ ಮಾಡಿದೆ. "ನಾನಲ್ಲ ಸರ್", "ನಾನು ಮನೆ ಹಾಕಿದ್ದು ಸರ್." ಅವರ ಮಾತಿನ ಲೆಕ್ಕ ಹಿಡಿದರೆ ಮತ್ತೆ 14ಕ್ಕೆ 14. ಶಿಫ್ಟ್ ಮುಗಿಯುವ ಹೊತ್ತಿಗೆ, ಟೀಮಿನಲ್ಲಿ ಎಲ್ಲರೂ ಅಕ್ಕ ಅನ್ನುವ ಸೀನಿಯರ್ ಒಬ್ಬರು ಫೋನ್ ಮಾಡಿದರು. "ನೀವೇ ಫಸ್ಟ್ ಹೆಬ್ಬೆಟ್ಟು ಒತ್ತಿದ್ರಿ. ಮತ್ತೆ ನಾವೆಂತ ಹೇಳುದು ಸರ್? ನಮ್ಮ ರೇಟಿಂಗ್ ಹಾಕುದು ನೀವೇ ಅಲ್ವಾ?"

ಆಮೇಲೆ ಕೇಳುವುದು ಬಿಟ್ಟೆ. ಬಿಟ್ಟ ಮೇಲೆ ಒಂದೊಂದೇ ಹೊರಗೆ ಬಂತು.

ಕಾರ್ಕಳ ಕಡೆಯ ಹುಡುಗಿಯದ್ದು ಒಂದೇ ಹಾಲ್‌ನ ಮನೆ. ರಾತ್ರಿ ಹಾಲ್‌ನಲ್ಲಿ ಅಜ್ಜಿ, ತಮ್ಮ ಮಲಗುತ್ತಾರೆ. ಇವಳು ಅಡುಗೆಮನೆಯಲ್ಲಿ ಸ್ಟೂಲ್ ಹಾಕಿ, ಗ್ರೈಂಡರ್ ಪಕ್ಕ ಕೂತು ಇನ್ಶೂರೆನ್ಸ್‌ನವರಿಗೆ ಕಾಲ್ ಮಾಡುತ್ತಿದ್ದಳು. ಅಜ್ಜಿಗೆ ಎಚ್ಚರ ಆಗುತ್ತದೆ ಅಂತ ದನಿ ಎತ್ತುತ್ತಿರಲಿಲ್ಲ. ಕಾಲ್ ಕೇಳಿ ಗುಣಮಟ್ಟಕ್ಕೆ ಅಂಕ ಹಾಕುವ ಕ್ಯೂಸಿಯವರು ದನಿ ಕೇಳುವುದಿಲ್ಲ ಅಂತ ಸ್ಕೋರ್ ಕತ್ತರಿಸುತ್ತಿದ್ದರು. ನಾನು ಅವಳಿಗೆ ಕೋಚಿಂಗ್ ಕೊಟ್ಟಿದ್ದೆ. ವಾಯ್ಸ್ ಮಾಡ್ಯುಲೇಷನ್ ಬಗ್ಗೆ, ಸ್ಯಾಂಪಲ್ ಕಾಲ್ ಎಲ್ಲ ಕೇಳಿಸಿ. ಎಲ್ಲಿ ಕೂತಿದ್ದಿ ಅಂತ ಮಾತ್ರ ಕೇಳಿರಲಿಲ್ಲ. ಬೆಳಿಗ್ಗೆ ನಿದ್ದೆಯೂ ಇಲ್ಲ. "ಮನೆಯಲ್ಲೇ ಇದ್ದಿಯಲ್ಲ" ಅಂತ ತೆಂಗಿನಕಾಯಿ ತುರಿಯುವುದರಿಂದ ರೇಷನ್ ಅಂಗಡಿವರೆಗೆ ಎಲ್ಲ ಇವಳ ಪಾಲಿಗೆ.

ಬೆಳ್ತಂಗಡಿಯವನದ್ದು ಕರೆಂಟಿನ ಕಥೆ. ಜೂನ್ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಮೆಸ್ಕಾಂ ಲೈನ್‌ಮ್ಯಾನ್ ಬರುವವರೆಗೆ ಇವನ ಕೆಲಸ ಬಂದ್. ಲಾಗಿನ್ ಅವರ್ಸ್ ಕಮ್ಮಿ ಆದರೆ ಎಲ್‌ಒಪಿ, ಅಂದರೆ ಸಂಬಳ ಕಟ್. ಆಫೀಸಿನಲ್ಲಿ ಜನರೇಟರ್ ಇದೆ, ಅವನಿಗೆ ಅಷ್ಟು ಸಾಕು. ಬೇಸಗೆಯಲ್ಲಿ ಇನ್ನೊಂದು ರಗಳೆ. ಪಕ್ಕದ ಗದ್ದೆಯಲ್ಲಿ ಬಯಲಾಟ ಇದ್ದ ರಾತ್ರಿ ಒಂದು ಸಿಒ-29 ಡಿನಯಲ್‌ಗೆ, ಅಂದರೆ ಗಡುವು ಮೀರಿ ಕಳಿಸಿದ್ದು ಅನ್ನುವ ಕೋಡ್ ಹಾಕಿ ಇನ್ಶೂರೆನ್ಸ್‌ನವರು ತಿರಸ್ಕರಿಸಿದ ಬಿಲ್ಲಿಗೆ, ಕಾಲ್ ಮಾಡಿದ್ದಾನೆ. ಮಹಿಷಾಸುರ ಬರುವ ಹೊತ್ತು. ಚೆಂಡೆ ಕೇಳಿ ಆ ಕಡೆಯ ಇನ್ಶೂರೆನ್ಸ್ ರೆಪ್, "ನಿಮ್ಮ ಬಿಲ್ಡಿಂಗಿನಲ್ಲಿ ರಿಪೇರಿ ನಡೀತಿದೆಯಾ?" ಅಂತ ಕೇಳಿದಳಂತೆ. ಇವನು ಹೌದು ಅಂದನಂತೆ. ಬೇರೆ ಏನು ಹೇಳುವುದು?

ಪುತ್ತೂರಿನವನಿಗೆ ಹೆಣ್ಣು ನೋಡುತ್ತಿದ್ದರು. "ಹುಡುಗ ಹಗಲಿಡೀ ಮನೆಯಲ್ಲೇ ಮಲಗಿರ್ತಾನಂತೆ" ಅಂತ ಯಾರೋ ಬ್ರೋಕರ್‌ಗೆ ಹೇಳಿ ಒಂದು ಸಂಬಂಧ ತಪ್ಪಿತು. ಐಡಿ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡು ಬಸ್ ಹತ್ತುವುದನ್ನು ನಾಲ್ಕು ಜನ ನೋಡಬೇಕು, ಅದಕ್ಕೇ ಆಫೀಸು ಬೇಕು ಅಂದ.

ಫ್ರೆಶರ್‌ಗಳದ್ದು ನನಗೆ ಹೊಳೆಯಬೇಕಿತ್ತು. ಫ್ಲೋರಿನಲ್ಲಿ ಪಕ್ಕದವರ ಕಾಲ್ ಕಿವಿಗೆ ಬಿದ್ದೇ ನಾವೆಲ್ಲ ಕೆಲಸ ಕಲಿತದ್ದು. ಡೌಟ್ ಬಂದರೆ ಕುರ್ಚಿ ತಿರುಗಿಸಿದರೆ ಆಯಿತು. ಇವರು ಚಾಟಿನಲ್ಲಿ ಕೇಳಿ, ನನ್ನ ಉತ್ತರಕ್ಕೆ ಕಾಯುತ್ತಾ, ಅಷ್ಟು ಹೊತ್ತೂ ರೆಪ್‌ನನ್ನು ಲೈನಿನಲ್ಲಿ ಹಿಡಿದು, ಕೊನೆಗೆ ಎಎಚ್‌ಟಿ (ಒಂದು ಕಾಲ್‌ಗೆ ಹಿಡಿಯುವ ಸರಾಸರಿ ಸಮಯ) ಜಾಸ್ತಿ ಆಯಿತು ಅಂತ ನನ್ನಿಂದಲೇ ಬೈಸಿಕೊಳ್ಳುತ್ತಿದ್ದರು.

ಹಾಗಂತ ಮನೆ ಅಂದ ಆರು ಜನರದ್ದು ಸೋಮಾರಿತನ ಅಲ್ಲ. ಒಬ್ಬಳಿಗೆ ಸಣ್ಣ ಮಗು. ಒಬ್ಬ ತಂದೆಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಇಬ್ಬರಿಗೆ ಪಿಜಿ ಬಾಡಿಗೆ ಕೊಟ್ಟರೆ ಊರಿಗೆ ಕಳಿಸಲಿಕ್ಕೆ ಏನೂ ಉಳಿಯುವುದಿಲ್ಲ. ಇವರನ್ನು ಎಳೆದು ತಂದರೆ ರಾಜೀನಾಮೆ ಕೊಡುತ್ತಾರೆ. ಮಗುವಿನ ತಾಯಿ ಕೊಟ್ಟೇಬಿಟ್ಟಳು.

ಮ್ಯಾನೇಜ್‌ಮೆಂಟ್ ಏನು ಮಾಡಿತು? ನಮ್ಮ ಐದು ಮತ್ತು ಮೂರನ್ನು ಕೂಡಿಸಿ, "ಉದ್ಯೋಗಿಗಳೇ ಬಯಸಿದ್ದಾರೆ" ಅಂತ ಕಂಪನಿಯವರೆಲ್ಲ ಸೇರುವ ಟೌನ್‌ಹಾಲ್ ಮೀಟಿಂಗಿನಲ್ಲಿ ಹೇಳಿ, ಎಲ್ಲರಿಗೂ ವಾರಕ್ಕೆ ಮೂರು ದಿನ ಅಂತ ಮಾಡಿತು. ಮಂಗಳ, ಬುಧ, ಗುರು. ಎಲ್ಲ ಟೀಮಿಗೂ ಅದೇ ಮೂರು ದಿನ. ಕೋವಿಡ್ ಟೈಮಿನಲ್ಲಿ ಬಾಡಿಗೆ ಉಳಿಸಲಿಕ್ಕೆ ಒಂದು ಮಹಡಿ ಬಿಟ್ಟುಕೊಟ್ಟದ್ದನ್ನು ಇವರು ಮರೆತಿದ್ದರು. ಸೀಟ್ ಬುಕಿಂಗ್ ಆ್ಯಪ್ ಬಂತು. ಅದು ಮಧ್ಯಾಹ್ನ ತೆರೆದುಕೊಳ್ಳುತ್ತದೆ, ನಮ್ಮ ರಾತ್ರಿಪಾಳಿಯವರು ಮಲಗಿರುವ ಹೊತ್ತಿಗೆ. ಕುಂದಾಪುರದಿಂದ ಬಂದವರು ಸೀಟಿಲ್ಲದೆ ಟ್ರೈನಿಂಗ್ ರೂಮಿನಲ್ಲಿ ಕೂತು, ಮನೆಯಲ್ಲಿ ಬಳಸುತ್ತಿದ್ದ ಅದೇ ವಿಡಿಐಗೆ, ಅಂದರೆ ಇಂಟರ್ನೆಟ್ ಮೂಲಕ ತೆರೆಯುವ ಕಂಪನಿಯ ಡೆಸ್ಕ್‌ಟಾಪಿಗೆ, ಲಾಗಿನ್ ಆಗುತ್ತಿದ್ದರು.

2024ರಲ್ಲಿ, ಸಿಟ್ರಿಪ್ ಹೋಗಿ ಟ್ರಿಪ್.ಕಾಂ ಆದ ಅದೇ ಕಂಪನಿಯ ಇನ್ನೊಂದು ಪ್ರಯೋಗ 'ನೇಚರ್' ಪತ್ರಿಕೆಯಲ್ಲಿ ಬಂತು. 1,600 ಜನ, ವಾರಕ್ಕೆ ಎರಡು ದಿನ ಮನೆ. ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆ ಆದರು. ಹೆಡ್ ಅದನ್ನು ಎಲ್ಲರಿಗೂ ಫಾರ್ವರ್ಡ್ ಮಾಡಿದರು, ನೋಡಿ ನಮ್ಮದು ಸರಿ ಅನ್ನುವ ಹಾಗೆ. ಈ ಸಲ ನಾನು ಕೊನೆವರೆಗೂ ಓದಿದೆ. ಲಾಭ ಆದದ್ದು ಮುಖ್ಯವಾಗಿ ಹೆಂಗಸರಿಗೆ, ಮ್ಯಾನೇಜರ್ ಅಲ್ಲದವರಿಗೆ, ದೂರದಿಂದ ಬರುವವರಿಗೆ. ಆ ಸಾಲನ್ನು ಕಾಪಿ ಮಾಡಿ, ಕುಂದಾಪುರದವರ ಹೆಸರು ಸೇರಿಸಿ ರಿಪ್ಲೈ ಹಾಕಿದೆ. ಅದೇ ಜುಲೈ ಕೊನೆಗೆ ಹೆಡ್ ರಿವ್ಯೂಗೆ ಬರಬೇಕಿತ್ತು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯುತ್ತಿತ್ತು. ಕಡಗರವಳ್ಳಿ ಹತ್ತಿರ ಹಳಿ ಕೆಳಗಿನ ಮಣ್ಣು ಕುಸಿದು ರೈಲೂ ಬಂದ್. ರಿವ್ಯೂ ವಿಡಿಯೋದಲ್ಲಿ ಆಯಿತು. ಅವರ ಹಿಂದೆ ಅವರ ಮನೆಯ ಪುಸ್ತಕದ ಕಪಾಟು ಕಾಣುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಚಾಟಿನಲ್ಲಿ ಮಾತ್ರ ಬೇರೆ ಮೀಟಿಂಗ್ ನಡೆಯುತ್ತಿತ್ತು.

ಕೊನೆಗೆ ನಮ್ಮ ಟೀಮಿಗೆ ಒಂದು ಸಡಿಲಿಕೆ ಸಿಕ್ಕಿತು. ಮೂರು ದಿನದ ಲೆಕ್ಕ ಒಬ್ಬೊಬ್ಬರಿಗೆ ಬೇಡ, ಟೀಮಿನ ಒಟ್ಟು ಹಾಜರಿ ಸರಿ ಇದ್ದರೆ ಸಾಕು. ಹಾಗಾಗಿ ಕಾರ್ಕಳದವಳು ವಾರವಿಡೀ ಆಫೀಸು, ಡಯಾಲಿಸಿಸ್ ಇರುವವನು ವಾರವಿಡೀ ಮನೆ. ಫ್ರೆಶರ್‌ಗಳನ್ನು ಅಕ್ಕನ ಸೀಟಿನ ಸಾಲಿನಲ್ಲಿ ಕೂರಿಸಿದ್ದೇನೆ. ಯಾರಿಗೆ ಯಾವುದು ಅಂತ ಅವರೇ ಅಕ್ಕನಿಗೆ ಹೇಳುತ್ತಾರೆ, ಅಕ್ಕ ನನಗೆ ಪಟ್ಟಿ ಕೊಡುತ್ತಾರೆ. ನಾನು ಕೇಳುವುದಿಲ್ಲ. ಕಾರ್ಕಳದವಳ ಕ್ಯೂಸಿ ಸ್ಕೋರ್ ಈಗ ಟೀಮಿನಲ್ಲೇ ಮೇಲೆ.

ಅವಳ ಕ್ಯಾಬ್ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಮನೆ ಸರ್ವಿಸ್ ಏರಿಯಾದಿಂದ ಹೊರಗೆ ಅಂತ ಟ್ರಾನ್ಸ್‌ಪೋರ್ಟ್ ಡೆಸ್ಕಿನವರು ಪ್ರತಿ ವಾರ ರಿಕ್ವೆಸ್ಟ್ ರಿಜೆಕ್ಟ್ ಮಾಡುತ್ತಾರೆ, ನಾನು ಪ್ರತಿ ವಾರ ಅಪೀಲ್ ಹಾಕುತ್ತೇನೆ. ರೋಸ್ಟರ್ ಶುಕ್ರವಾರ ಕೊಡಬೇಕು ಅನ್ನುತ್ತಾರೆ, ಕ್ಯಾಬ್ ಕನ್ಫರ್ಮ್ ಮಾಡುವುದು ಭಾನುವಾರ ರಾತ್ರಿ. ಡಿನಯಲ್ ಬರೆಯುವುದರಲ್ಲಿ ಅಮೆರಿಕದ ಇನ್ಶೂರೆನ್ಸ್‌ನವರೇ ವಾಸಿ ಮಾರಾಯ್ರೆ, ಕಾರಣಕ್ಕೆ ಒಂದು ಕೋಡ್ ಆದರೂ ಕೊಡುತ್ತಾರೆ.