ಚಾಲಕನಿಲ್ಲದ ಸಾರಥ್, 1:16 – ಚೈನ್ ಆಯ್ತು, ಈಗ ಕಣ್ಣಿನ ಕೆಲಸ

ಸೇನೆಯ ಸಾರಥ್ ಗಾಡಿಯ ಹದಿನಾರನೇ ಒಂದು ಅಳತೆಯ ಮಾದರಿ ಮಾಡುತ್ತಿದ್ದೇನೆ, ದೂರದಿಂದ ಓಡಿಸುವಂಥದ್ದು. ಈಗ ಗಾಡಿ ಓಡುತ್ತಿದೆ. ಎರಡೂ ಚೈನ್ ಕೂತಿವೆ, ನಿಂತಲ್ಲೇ ತಿರುಗುತ್ತದೆ, ಪಕ್ಕದ ಖಾಲಿ ಸೈಟಿನ ಜಲ್ಲಿ ರಾಶಿ ಹತ್ತಿ ಇಳಿಯುತ್ತದೆ. ಇಷ್ಟು ದಿನ ಡಬ್ಬ, ಗಾಲಿ ಅಂತ ಬಿಡಿಬಿಡಿಯಾಗಿ ಬರೆಯುತ್ತಿದ್ದೆ. ಇವತ್ತಿನಿಂದ ಇದೊಂದು ಪೂರ್ತಿ ಗಾಡಿ.

ಹೊಸದಾಗಿ ಓದುವವರಿಗೆ ಎರಡು ಮಾತು. ಬಿಎಂಪಿ-2 ಅಂದರೆ ಸೈನಿಕರನ್ನು ಹೊತ್ತೊಯ್ಯುವ ಚೈನಿನ ಯುದ್ಧ ಗಾಡಿ, ಸೋವಿಯತ್ ವಿನ್ಯಾಸ. ನಮ್ಮಲ್ಲಿ 1987ರಿಂದ ಮೇದಕ್‌ನ ಕಾರ್ಖಾನೆಯಲ್ಲಿ ತಯಾರಾಗುತ್ತಾ ಬಂತು, ಹೆಸರು ಸಾರಥ್. ಮೂವರು ಸಿಬ್ಬಂದಿ, ಹಿಂದೆ ಏಳು ಸೈನಿಕರು, ಮೇಲೆ 30 ಎಂಎಂ ಗನ್. ನೀರಿಗಿಳಿದರೆ ತೇಲುತ್ತದೆ, ಚೈನ್ ತಿರುಗಿಸಿಕೊಂಡೇ ಈಜುತ್ತದೆ. ಹಿಂಬಾಗಿಲು ಟೊಳ್ಳು, ಅದರೊಳಗೆ ಡೀಸೆಲ್ ತುಂಬುತ್ತಾರೆ. ಸೈನಿಕರು ಇಳಿದು ಓಡಬೇಕಾದ ಬಾಗಿಲಲ್ಲೇ ಡೀಸೆಲ್! ಮಾದರಿಗೆ ಆ ಬಾಗಿಲು ಮಾಡುವಾಗ ಇದನ್ನೇ ಯೋಚಿಸುತ್ತಾ ಕೂತಿದ್ದೆ.

ಇಂಥ ಹಳೇ ಗಾಡಿಯನ್ನು ಎಸೆಯದೆ ಹೊಸ ಕೆಲಸಕ್ಕೆ ಹಚ್ಚುವುದೇ ನನಗೆ ಕುತೂಹಲ. ಚೆನ್ನೈ ಹತ್ತಿರ ಆವಡಿಯಲ್ಲಿ ಯುದ್ಧ ಗಾಡಿಗಳನ್ನು ರೂಪಿಸುವ ಡಿಆರ್‌ಡಿಒ ಲ್ಯಾಬ್ ಸಿವಿಆರ್‌ಡಿಇ 2017ರಲ್ಲಿ ತೋರಿಸಿದ 'ಮಂತ್ರ' ಇದೇ ಜಾತಿಯದು. ಬಿಎಂಪಿಯ ಒಡಲು, ಒಳಗೆ ಚಾಲಕ ಇಲ್ಲ. ಒಂದು ಕಣ್ಗಾವಲಿಗೆ, ಒಂದು ನೆಲಬಾಂಬ್ ಹುಡುಕಲು, ಇನ್ನೊಂದು ಅಣು-ರಾಸಾಯನಿಕ ವಿಷ ಹರಡಿದ ಜಾಗ ಪರೀಕ್ಷಿಸಲು. ಮೂರೂ ಮನುಷ್ಯ ಹೋಗಬಾರದ ಕೆಲಸಗಳೇ. ನನ್ನ ಮಾದರಿಯೂ ಆ ದಾರಿಯದು.

ಚೈನ್

ಕೊಂಡಿಗಳನ್ನು ಪಿಇಟಿಜಿ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದೆ. ಪಿನ್‌ಗೆ ಸೈಕಲ್ ಸ್ಪೋಕ್ ಕತ್ತರಿಸಿದೆ. 2 ಎಂಎಂ ದಪ್ಪ, ಸ್ಟೀಲು, ಎಲ್ಲ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಇದಕ್ಕಿಂತ ಒಳ್ಳೆ ಪಿನ್ ಬೇಕಿಲ್ಲ.

ಬಿಎಂಪಿಯಲ್ಲಿ ಚೈನನ್ನು ಎಳೆಯುವ ಹಲ್ಲುಗಾಲಿ ಮುಂದಿದೆ. ಮುಂದಕ್ಕೆ ಹೋಗುವಾಗ ಅದು ಮೇಲಿನ ಚೈನನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಮೇಲೆಲ್ಲ ಬಿಗಿ. ರಿವರ್ಸ್ ಹೋದರೆ ಎಳೆತ ಕೆಳಗಿನ ಮೂಲೆಗೆ ಬಂದು, ಮೇಲಿನ ಭಾಗ ಸಡಿಲವಾಗುತ್ತದೆ. ರಿವರ್ಸ್‌ನಲ್ಲಿ ತಿರುಗಿಸುವಾಗಲೇ ಚೈನ್ ಕಳಚುವುದು ಇದಕ್ಕೇ. ಹಿಂದಿನ ಐಡ್ಲರ್ ಗಾಲಿಗೆ (ಎಂಜಿನ್ ಬಲವಿಲ್ಲದೆ ಚೈನನ್ನು ಹಿಡಿದಿಡುವ ಗಾಲಿ) ಎಂ4 ಬೋಲ್ಟ್ ಹಾಕಿ ಬಿಗಿ ಹೆಚ್ಚುಕಡಿಮೆ ಮಾಡುವಂತೆ ಇಟ್ಟಿದ್ದೇನೆ. ಜಾಸ್ತಿ ಬಿಗಿ ಮಾಡಿದರೆ ಮೋಟರ್ ಬಿಸಿಯಾಗುತ್ತದೆ. ಮೇಲಿನ ಚಿಕ್ಕ ಗಾಲಿಗಳ ನಡುವೆ ಚೈನ್ ಸ್ವಲ್ಪ ಜೋತುಬಿದ್ದರೆ ಸರಿ.

ಅಸಲಿ ಗಾಡಿ ಸುಮಾರು 14.3 ಟನ್. 1:16ಕ್ಕೆ ಇಳಿಸಿದರೆ ತೂಕ ಮೂರೂವರೆ ಕಿಲೋ, ಉದ್ದ 42 ಸೆಂ.ಮೀ. ಬ್ಯಾಟರಿ ಸೇರಿಸಿ ನನ್ನದು ಹೆಚ್ಚುಕಡಿಮೆ ಅಲ್ಲೇ ಇದೆ. ಆದರೆ ತೂಕ ಸರಿಹೊಂದಿದ ಮಾತ್ರಕ್ಕೆ ನಡತೆ ಸರಿಹೊಂದುವುದಿಲ್ಲ. ಅಳತೆ ಇಳಿಸಿದಾಗ ತೂಕ 4,096 (16×16×16) ಪಾಲು ಇಳಿಯುತ್ತದೆ, ನೆಲಕ್ಕೆ ತಾಗುವ ಚೈನಿನ ವಿಸ್ತೀರ್ಣ 256 (16×16) ಪಾಲು ಮಾತ್ರ. ಹಾಗಾಗಿ ನೆಲದ ಮೇಲಿನ ಒತ್ತಡ ಅಸಲಿಯ ಹದಿನಾರನೇ ಒಂದು ಪಾಲು. ದೊಡ್ಡ ಗಾಡಿ ಹೂತುಹೋಗುವ ಕೆಸರಲ್ಲಿ ಮಾದರಿ ಸಲೀಸಾಗಿ ಹೋಗುತ್ತದೆ. ಮಾದರಿ ಹತ್ತಿದ ದಿಬ್ಬ ನೋಡಿ ಅಸಲಿ ಗಾಡಿ ಬಗ್ಗೆ ಏನೂ ಹೇಳಬಾರದು.

ಮೋಟರ್ ಎರಡು, 12 ವೋಲ್ಟ್, ಎನ್‌ಕೋಡರ್ (ಎಷ್ಟು ಸುತ್ತು ತಿರುಗಿತು ಅಂತ ಎಣಿಸುವ ಭಾಗ) ಇರುವಂಥವು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದಿದ್ದು. ಅಸಲಿಯ ಗಂಟೆಗೆ 65 ಕಿ.ಮೀ. ವೇಗ ಇಲ್ಲಿ 4 ಕಿ.ಮೀ.ಗೆ ಬರುತ್ತದೆ, ಅಂದರೆ ನಡಿಗೆ. ನಾನು ಅದರ ಅರ್ಧಕ್ಕೂ ಕಡಿಮೆ ಇಟ್ಟಿದ್ದೇನೆ. ಕ್ಯಾಮೆರಾ ನೋಡಿಕೊಂಡು ಓಡಿಸುವವನಿಗೆ ಅಷ್ಟೇ ಸಾಕು.

ಕಣ್ಣು

ಈ ತಿಂಗಳು ಹೆಚ್ಚು ಸಮಯ ತಿಂದಿದ್ದು ಇದು. ಗಾಡಿ ಓಡಿಸುವುದಕ್ಕೆ ಎರಡು ಮೋಟರ್, ನಾಲ್ಕು ಸಾಲು ಕೋಡ್ ಸಾಕು. ಅಸಲಿಯಲ್ಲೂ ಚಾಲಕನ ಹ್ಯಾಂಡಲ್, ಬ್ರೇಕು, ಗೇರಿಗೆ ಅವನ್ನು ಅಲುಗಿಸುವ ಯಂತ್ರ (ಆಕ್ಚುಯೇಟರ್) ಕೂರಿಸಬಹುದು, ಕಷ್ಟವಾದರೂ ಗೊತ್ತಿರುವ ಕೆಲಸ. ಚಾಲಕನಿಗೆ ಗೊತ್ತಾಗುತ್ತಿದ್ದದ್ದನ್ನೆಲ್ಲ ದೂರದಲ್ಲಿ ಕೂತವನಿಗೆ ಮುಟ್ಟಿಸುವುದು ನಿಜವಾದ ಕಷ್ಟ. ಗಾಡಿ ಎಷ್ಟು ವಾಲಿದೆ, ಯಾವ ಚೈನ್ ಜಾರುತ್ತಿದೆ, ಎಂಜಿನ್ ಎಷ್ಟು ಏದುಸಿರು ಬಿಡುತ್ತಿದೆ – ಇದೆಲ್ಲ ಅವನಿಗೆ ಸೀಟಿನಿಂದ, ಕಿವಿಯಿಂದ ತಿಳಿಯುತ್ತಿತ್ತು. ಪರದೆಯಲ್ಲಿ ಅದ್ಯಾವುದೂ ಇಲ್ಲ.

ಮೊದಲು ಕ್ಯಾಮೆರಾವನ್ನು ಚಾಲಕ ಕೂರುವ ಜಾಗದಲ್ಲೇ ಇಟ್ಟು ನೋಡಿದೆ, ಮುಂದೆ ಎಡಕ್ಕೆ. ಪರದೆ ತುಂಬ ನೆಲವೇ. ಬಲಗಡೆಯ ಚೈನ್ ಎಲ್ಲಿದೆ ಅಂತ ಅಂದಾಜೇ ಸಿಗಲ್ಲ, ಅಲ್ಲಿರುವ ಕಲ್ಲಿಗೆ ಹೋಗಿ ತಾಗುತ್ತದೆ. ಆಮೇಲೆ ಗೋಪುರದ ಹಿಂದೆ ಒಂದು ಕಡ್ಡಿ ನಿಲ್ಲಿಸಿ, ಅದರ ತುದಿಯಿಂದ ಗಾಡಿಯ ಎರಡೂ ಮುಂಮೂಲೆ ಕಾಣುವ ಹಾಗೆ ಇಟ್ಟೆ. ಎಷ್ಟು ವ್ಯತ್ಯಾಸ ಅಂತೀರಿ! ಗಾಡಿಯ ಮೈ ಚಿತ್ರದಲ್ಲೇ ಇದ್ದರೆ ಅಗಲ ಕಣ್ಣಿಗೆ ತಾನಾಗೇ ಗೊತ್ತಾಗುತ್ತದೆ. ಎರಡು ಇಟ್ಟಿಗೆ ನಡುವೆ ಬೆರಳಗಲದ ಸಂದು ಬಿಟ್ಟು ನುಗ್ಗಿಸಬಹುದು. ಯುದ್ಧಭೂಮಿಯಲ್ಲಿ ಅಷ್ಟು ಎತ್ತರದ ಕಡ್ಡಿ ಮೊದಲು ಕಣ್ಣಿಗೆ ಬೀಳುವ ಗುರಿ, ಅದೂ ನಿಜ. ಮಡಚುವ ಕಡ್ಡಿ ಮಾಡಬೇಕು.

ಇಎಸ್‌ಪಿ32-ಕ್ಯಾಮ್ ಅನ್ನೋ ಪುಟ್ಟ ಕ್ಯಾಮೆರಾ ಬೋರ್ಡಿನ ವೈಫೈ ಚಿತ್ರ ತಡವಾಗಿ ಬರುತ್ತಿತ್ತು. ತಿರುಗಿಸಿದ್ದು ಪರದೆಗೆ ಬರುವಷ್ಟರಲ್ಲಿ ಗಾಡಿ ಇನ್ನೂ ತಿರುಗಿರುತ್ತದೆ, ನಾವು ವಾಪಸ್ ತಿರುಗಿಸುತ್ತೇವೆ, ಹಾವಿನ ಹಾಗೆ ಹೋಗುತ್ತದೆ. ಡ್ರೋನ್ ಹಾರಿಸುವವರು ಬಳಸುವ ಅನಲಾಗ್ ಎಫ್‌ಪಿವಿ ಕ್ಯಾಮೆರಾ ಹಾಕಿದ ಮೇಲೆ ಸರಿಹೋಯ್ತು. ಚಿತ್ರದಲ್ಲಿ ಚುಕ್ಕೆ ಬೀಳುತ್ತದೆ, ಬೀಳಲಿ. ಸ್ಪಷ್ಟ ಚಿತ್ರಕ್ಕಿಂತ ತಕ್ಷಣದ ಚಿತ್ರ ಮುಖ್ಯ.

ಸಿಗ್ನಲ್ ಹೋದರೆ?

ಗನ್ ಇರುವ, ಚಾಲಕನಿಲ್ಲದ ರಷ್ಯಾದ ಗಾಡಿ ಉರಾನ್-9ರ ಕಥೆ ಓದಿದವರಿಗೆ ಈ ಪ್ರಶ್ನೆ ಬಿಡುವುದಿಲ್ಲ. 2018ರಲ್ಲಿ ಅದನ್ನು ಸಿರಿಯಾದಲ್ಲಿ ಪರೀಕ್ಷೆ ಮಾಡಿದರು. ಕಟ್ಟಡಗಳ ನಡುವೆ 300ರಿಂದ 500 ಮೀಟರ್ ದಾಟಿದರೆ ಹಿಡಿತ ಸಿಗಲಿಲ್ಲ. 17 ಸಲ ಒಂದು ನಿಮಿಷದವರೆಗೆ, ಎರಡು ಸಲ ಒಂದೂವರೆ ಗಂಟೆವರೆಗೆ ಸಂಪರ್ಕವೇ ಹೋಗಿತ್ತು ಅಂತ ಅವರದೇ ಸಂಶೋಧನಾ ಸಂಸ್ಥೆ ಹೇಳಿದ ವಿಷಯ ಹೊರಬಂತು. ಗನ್ ಇರುವ ಗಾಡಿ ಒಂದೂವರೆ ಗಂಟೆ ಯಾರ ಕೈಗೂ ಸಿಗದೆ ನಿಂತಿರುವುದನ್ನು ಯೋಚಿಸಿ.

ನನ್ನದರಲ್ಲಿ ಅರ್ಧ ಸೆಕೆಂಡ್ ಸಿಗ್ನಲ್ ಬರದಿದ್ದರೆ ಮೋಟರ್ ನಿಲ್ಲುತ್ತದೆ. ಇದು ಆಗಲೇ ಕೆಲಸ ಮಾಡುತ್ತಿದೆ. ಎರಡನೇ ಹಂತದಲ್ಲಿ ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಸಿಗ್ನಲ್ ಸಿಗುವ ಜಾಗ ಸೇರಬೇಕು. ಎನ್‌ಕೋಡರ್ ಲೆಕ್ಕ ಇಟ್ಟುಕೊಂಡು ಉಲ್ಟಾ ಓಡಿಸಿದರೆ ಸಿಮೆಂಟ್ ನೆಲದಲ್ಲಿ ಚೆನ್ನಾಗಿ ಬರುತ್ತದೆ. ಜಲ್ಲಿಯಲ್ಲಿ ಬರುವುದಿಲ್ಲ, ಯಾಕಂದ್ರೆ ಚೈನ್ ಗಾಡಿ ತಿರುಗುವುದೇ ಜಾರಿಕೊಂಡು. ಗಾಲಿ ಎಷ್ಟು ಸುತ್ತಿತು ಅನ್ನುವುದರಿಂದ ಗಾಡಿ ಎಷ್ಟು ತಿರುಗಿತು ಅಂತ ಹೇಳಲಾಗದು. ತಿರುವಿನ ಲೆಕ್ಕವನ್ನು ಗೈರೋಗೆ (ತಿರುವು ಅಳೆಯುವ ಸೆನ್ಸರ್), ದೂರದ ಲೆಕ್ಕವನ್ನು ಎನ್‌ಕೋಡರ್‌ಗೆ ಹಂಚಿದ್ದೇನೆ. ಸ್ವಲ್ಪ ದೂರದವರೆಗೆ ಗೈರೋ ನಂಬಬಹುದು. ಗನ್ ಮಾತ್ರ ಕೋಡಿನ ಕೈಗೆ ಕೊಡುವುದಿಲ್ಲ. ಇಲ್ಲಿರುವುದು ಬರೀ ಪ್ಲಾಸ್ಟಿಕ್ ಕೊಳವೆ, ಆದರೂ ಅದರ ಸರ್ವೋ ಮೋಟರ್ ತಿರುಗುವುದು ಮನುಷ್ಯ ರಿಮೋಟಿನ ಕಡ್ಡಿ ಅಲುಗಿಸಿದರೆ ಮಾತ್ರ. ಅಭ್ಯಾಸ ಮಾದರಿಯಿಂದಲೇ ಶುರುವಾಗಲಿ ಅಂತ.

ಮುಂದೆ: ವೈರು

ಸಿಗ್ನಲ್ ಹೋಗದಿರಲಿ ಅಂತ ವೈರಿನ ಮೂಲಕವೇ ಓಡಿಸುವುದು ಮುಂದಿನ ಯೋಚನೆ. ಉಕ್ರೇನ್ ಯುದ್ಧದಲ್ಲಿ ರೇಡಿಯೋ ಜಾಮ್ ಆಗುವ ಕಾರಣಕ್ಕೆ ಡ್ರೋನ್‌ಗಳಿಗೆ ಕೂದಲಿನಷ್ಟು ತೆಳು ಆಪ್ಟಿಕಲ್ ಫೈಬರ್ ಕಟ್ಟಿ ಹಾರಿಸುತ್ತಿದ್ದಾರೆ. ಯೋಚನೆ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೋಲಿಯಾತ್ ಅನ್ನೋ ಪುಟ್ಟ ಚೈನ್ ಗಾಡಿ ಸ್ಫೋಟಕ ಹೊತ್ತು, 650 ಮೀಟರ್ ಕೇಬಲ್ ಬಿಚ್ಚಿಕೊಂಡು ಹೋಗುತ್ತಿತ್ತು. 1944ರಲ್ಲಿ ವಾರ್ಸಾದಲ್ಲಿ ಪೋಲಿಷ್ ಹೋರಾಟಗಾರರು ಆ ಕೇಬಲ್ ಕತ್ತರಿಸಿ ಅದನ್ನು ನಿಲ್ಲಿಸುತ್ತಿದ್ದರು.

ಗೋಲಿಯಾತ್‌ನಿಂದ ಕಲಿಯಬೇಕಾದ್ದು ಸುರುಳಿ ಗಾಡಿಯ ಮೇಲೆಯೇ ಇರಬೇಕು ಅನ್ನುವುದು. ಆಗ ವೈರು ನೆಲದ ಮೇಲೆ ಮಲಗುತ್ತಾ ಹೋಗುತ್ತದೆ, ಎಳೆತವೇ ಇಲ್ಲ. ಸುರುಳಿ ನಮ್ಮ ಕೈಲಿದ್ದರೆ ಪೂರ್ತಿ ಉದ್ದವನ್ನು ಗಾಡಿ ಕಲ್ಲುಮುಳ್ಳಿನ ಮೇಲೆ ಎಳೆಯಬೇಕು. ಹಿಂದಿನ ಬಾಗಿಲ ಮೇಲೆ ಸುರುಳಿಗೆ ಜಾಗ ಮಾಡಿದ್ದೇನೆ, ವೈರು ಎತ್ತರದ ಬಾಗಿದ ಕೊಳವೆಯೊಂದರಿಂದ ಹೊರಬೀಳುತ್ತದೆ. ಈಗಿರುವ ತೊಡಕು ರಿವರ್ಸ್‌ನದು. ಬಂದ ದಾರಿಯಲ್ಲೇ ಹಿಂದಕ್ಕೆ ಬಂದರೆ ಬಿಚ್ಚಿದ ವೈರು ಹೊಟ್ಟೆಯಡಿಗೆ ಬಂದು ಹಲ್ಲುಗಾಲಿಗೆ ಸುತ್ತಿಕೊಳ್ಳುವ ಅಪಾಯ ಇದೆ. ವೈರನ್ನು ಒಂದು ಪಕ್ಕಕ್ಕೆ ಬೀಳಿಸುವ ಹಾಗೆ ಕೊಳವೆಯನ್ನು ಎಡಕ್ಕೆ ಚಾಚಿ, ರಿವರ್ಸ್‌ನಲ್ಲಿ ಗಾಡಿ ಬಲಕ್ಕೆ ಒಂದು ಗೇಣು ಸರಿದು ಬರುವಂತೆ ಕೋಡ್ ಬದಲಿಸುತ್ತಿದ್ದೇನೆ. ಜಲ್ಲಿ ಮೇಲೆ ಓಡಿಸಿ ನೋಡಿ, ಏನಾಯ್ತು ಅಂತ ಮುಂದಿನ ಸಲ ಬರೆಯುತ್ತೇನೆ.