ಆಯಿಲ್ ಬದಲಾಯಿಸಿದ್ರಿ, ಸರಿ. ಹಳೇ ಫಿಲ್ಟರ್ ಎಲ್ಲಿ?

ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ಸಣ್ಣ ವಿಮಾನಗಳ ಮೆಕ್ಯಾನಿಕ್. ನಮ್ಮ ಹ್ಯಾಂಗರ್‌ಗೆ ಬರೋದು ಹೆಚ್ಚಾಗಿ ಸೆಸ್ನಾ 172, ಪೈಪರ್ ಚೆರೋಕಿ. ಸ್ವಂತ ವಿಮಾನ ಇಟ್ಟುಕೊಂಡ ಪೈಲಟ್ ಇಲ್ಲಿ ಆಯಿಲ್ ಬದಲಾಯಿಸುವುದು, ಸ್ಪಾರ್ಕ್ ಪ್ಲಗ್ ಕ್ಲೀನ್ ಮಾಡುವುದು, ಟೈರ್ ಹಾಕುವುದು ಇಂಥವನ್ನು ತಾನೇ ಮಾಡಬಹುದು. ಕಾನೂನೇ ಒಪ್ಪುತ್ತದೆ. ಮಾಡಿದ್ದನ್ನು ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬೇಕು. ನನಗೂ ಖುಷಿಯೇ. ತಾವೇ ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ಬಿಚ್ಚುವವರ ಕಣ್ಣಿಗೆ ಸೋರಿಕೆ, ಬಿರುಕು ಬೇಗ ಬೀಳುತ್ತವೆ.

ಆದರೆ ಹಳೇ ಫಿಲ್ಟರನ್ನು ಸೀದಾ ಕಸದ ಡಬ್ಬಕ್ಕೆ ಎಸೆಯುತ್ತಾರೆ. ನೋಡಬೇಕಾದ್ದು ಇರೋದೇ ಅದರಲ್ಲಿ!

ಈ ವಿಮಾನಗಳಲ್ಲಿ ಹೆಚ್ಚಾಗಿ ಇರುವುದು ಲೈಕಮಿಂಗ್ ಕಂಪನಿಯ ಎಂಜಿನ್. ಅದರಲ್ಲಿ ವಾಲ್ವ್ ತೆರೆಯಿಸುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಇರುವುದು ಮೇಲ್ಗಡೆ. ವಿಮಾನ ತಿಂಗಳುಗಟ್ಟಲೆ ಹಾರದೆ ನಿಂತರೆ ಆಯಿಲ್ ಕೆಳಗಿಳಿದು ಕ್ಯಾಮ್ ಒಣಗುತ್ತದೆ. ಟೆಕ್ಸಾಸ್‌ನ ಗಲ್ಫ್ ತೀರದ ಹವೆ ನಮ್ಮ ಮಂಗಳೂರಿನದ್ದೇ, ತುಕ್ಕು ಬೇಗ ಹಿಡಿಯುತ್ತದೆ. "ಆಗಾಗ ನೆಲದ ಮೇಲೇ ಸ್ಟಾರ್ಟ್ ಮಾಡ್ತೀನಲ್ಲ" ಅನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು. ಆಯಿಲ್ ಸರಿಯಾಗಿ ಕಾಯುವುದಿಲ್ಲ, ಒಳಗಿನ ನೀರಿನಂಶ ಹೋಗುವುದಿಲ್ಲ. ತುಕ್ಕು ಹಿಡಿದ ಕ್ಯಾಮ್ ಮತ್ತು ಅದು ತಳ್ಳುವ ಟ್ಯಾಪೆಟ್ ಒಂದನ್ನೊಂದು ಸವೆಸುತ್ತವೆ. ಆ ಪುಡಿ ಫಿಲ್ಟರ್‌ಗೆ ಬಂದು ಸೇರುತ್ತಿರುವಾಗಲೂ ಆಯಿಲ್ ಪ್ರೆಶರ್ ಮುಳ್ಳು ಹಸಿರಿನಲ್ಲೇ ಇರುತ್ತದೆ. ಆಯಿಲ್ ಬದಲಾಯಿಸಬೇಕಾದ್ದು 50 ಗಂಟೆಗೆ ಅಥವಾ 4 ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ. ವರ್ಷಕ್ಕೆ 20 ಗಂಟೆ ಹಾರುವವರು ಆ ಎರಡನೇ ಅರ್ಧ ಓದುವುದೇ ಇಲ್ಲ.

ಹಳೇ ಫಿಲ್ಟರನ್ನು ಕತ್ತರಿಸಿ ತೆರೆಯಲು ಫಿಲ್ಟರ್ ಕಟರ್ ಅಂತಲೇ ಸಿಗುತ್ತದೆ. ಹ್ಯಾಕ್ಸಾ ಬೇಡ. ಅದರ ಪುಡಿಯೇ ಒಳಗೆ ಬಿದ್ದು ಸುಮ್ನೆ ಗಾಬರಿ. ಒಳಗಿನ ಮಡಿಕೆ ಕಾಗದವನ್ನು ಕತ್ತರಿಸಿ ತೆಗೆದು, ವೈಸ್‌ನಲ್ಲಿ ಒತ್ತಿ ಆಯಿಲ್ ಹಿಂಡಿ. ಆಮೇಲೆ ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ಬಿಡಿಸಿ ನೋಡಿ. ಪುಡಿಯಾಗುವ ಕರಿ ಚೂರು ಕಾರ್ಬನ್, ಹೆದರಬೇಕಿಲ್ಲ. ಮಿನುಗಿದರೆ ಮ್ಯಾಗ್ನೆಟ್ ಇಡಿ. ಅಂಟಿದರೆ ಉಕ್ಕು, ಕ್ಯಾಮ್ ಮೇಲೆ ಅನುಮಾನ. ಅಂಟದ ಬಿಳಿ ಚೂರಾದರೆ ಅಲ್ಯೂಮಿನಿಯಂ, ಪಿಸ್ಟನ್ ಪಿನ್ನಿನ ಪ್ಲಗ್ ಸವೆದಿರಬಹುದು. ಎಷ್ಟು ಸಿಕ್ಕಿದರೆ ಏನು ಮಾಡಬೇಕು ಅನ್ನುವುದು ಲೈಕಮಿಂಗ್‌ನ ಸರ್ವಿಸ್ ಬುಲೆಟಿನ್ 480ರಲ್ಲಿದೆ. ಆ ತೀರ್ಮಾನ ಮೆಕ್ಯಾನಿಕ್‌ಗೆ ಬಿಡಿ. ಅಲ್ಲಿಯವರೆಗೆ ಹಾರಬೇಡಿ.

ಹೊಸ ಫಿಲ್ಟರ್ ಹಾಕುವ ಮುಂಚೆ, ಹಳೇ ರಬ್ಬರ್ ಗ್ಯಾಸ್ಕೆಟ್ ಎಂಜಿನ್ ಕಡೆ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ. ಅದರ ಮೇಲೇ ಹೊಸದು ಕೂತರೆ ಪ್ರೆಶರ್‌ಗೆ ಜಾರಿ, ಹಾರುತ್ತಿರುವಾಗಲೇ ಆಯಿಲ್ ಖಾಲಿಯಾಗಬಹುದು. ಎಂಜಿನ್ ಸೀಜ್ ಆದರೆ ಸಿಕ್ಕ ಹೊಲದಲ್ಲೇ ಇಳಿಯಬೇಕು. ಇಂಥ ಅಪಘಾತ ಫಿಲ್ಟರ್ ಬದಲಾಯಿಸಿದ ಮೇಲಿನ ಮೊದಲ ಹಾರಾಟದಲ್ಲೇ ಆಗಬಹುದು. ಆದ್ದರಿಂದ ಫಿಲ್ಟರ್ ಸಡಿಲವಾಗದಂತೆ ಹಿಡಿದಿಡುವ ಸೇಫ್ಟಿ ವೈರ್ ಕಟ್ಟಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಓಡಿಸಿ, ಆಫ್ ಮಾಡಿ, ಫಿಲ್ಟರ್ ಬುಡಕ್ಕೆ ಟಾರ್ಚ್ ಬಿಡಿ. ಕೌಲಿಂಗ್ ಮುಚ್ಚುವುದು ಆಮೇಲೆ.