ಒಂದು ಕ್ರಿಯಾಪದಕ್ಕೆ 45 ಮನೆ ಬೇಕಾ?

ಆನ್‌ಲೈನ್ ಡಿಕ್ಷನರಿಗೆ ಕ್ರಿಯಾಪದದ ಟೇಬಲ್ ಮಾಡ್ತಾ ಇದೀನಿ, ಮೊದಲು ಎಲ್ಲಾ ರೂಪಾನೂ ತುಂಬಿಸಿದ್ದೆ, ನಾನು ನಾವು ನೀನು ನೀವು ಅವನು ಅವಳು ಅವರು ಅದು ಅವು ಅಂತ 9, ಅದಕ್ಕೆ ಮೂರು ಕಾಲ, ಸಂಭಾವನೆ ('ಬಂದಾನು' ಥರ, ಆಗಬಹುದು ಅನ್ನೋ ರೂಪ), ನಿಷೇಧ ('ಬಾರನು' ಥರ, ಇಲ್ಲ ಅನ್ನೋ ರೂಪ) ಸೇರಿ 45 ಮನೆ, ಮೊಬೈಲಲ್ಲಿ ಅಡ್ಡಡ್ಡ ಎಳೆದೂ ಎಳೆದೂ ಸಾಕಾಗುತ್ತೆ.

ಆದ್ರೆ 'ಬಂದ' ಗೊತ್ತಿದ್ರೆ ಬಂದೆ, ಬಂದಳು, ಬಂದರು, ಬಂದಾನು ಎಲ್ಲಾ ತಾವಾಗೇ ಬರ್ತವೆ. ತೊಡಕಿರೋದು ಬೇರೆ ಕಡೆ. ಅದು ಬಂತು, ಕರೆಯೋವಾಗ ಬಾ, ಇನ್ನು ಹೋಗು ತಗೊಂಡ್ರೆ ಹೋಗಿ, ಹೋದ, ಹೋಯ್ತು ಮೂರೂ ಮೂರು ದಾರಿ. ಅದಕ್ಕೇ ಈಗ ಮೇಲೆ ಒಂದೇ ಸಾಲು ಇಟ್ಟೀನಿ: ಬರು, ಬಂದು, ಬಂದ, ಬರುತ್ತಾನೆ, ಬಂತು, ಬಾ. ಉಳಿದದ್ದು ಒತ್ತಿದ್ರೆ ಮಾತ್ರ ತೆರ್ಕೊಳ್ಳುತ್ತೆ.

ಹುಡುಕೋರು 'ಬೀಳು' ಅಂತ ಟೈಪ್ ಮಾಡಲ್ಲ, ಓದ್ತಾ ಸಿಕ್ಕ 'ಬಿದ್ದ' ಅಂತಾನೇ ಹಾಕ್ತಾರೆ, ಹಂಗೇ 'ಎದ್ದ' ಹಾಕಿದ್ರೂ 'ಏಳು'ಗೆ ಹೋಗ್ಬೇಕು, ಇದು ನನ್ನ ಪ್ರಕಾರ ಟೇಬಲ್‌ಗಿಂತ ಮುಖ್ಯ.

ನಮ್ಮ ದಾವಣಗೆರೆಯಲ್ಲಿ ಮನೇಲೂ ಮಾರ್ಕೆಟಲ್ಲೂ 'ಬರ್ತೈತೆ' ಅಂತೀವಿ, ಅದನ್ನ ಹೊರಗಿಡೋಕೆ ನಂಗೆ ಮನಸ್ಸಿಲ್ಲ, 'ಬರುತ್ತದೆ' ಪಕ್ಕದಲ್ಲೇ, ಅದೇ ಸೈಜಿನ ಅಕ್ಷರದಲ್ಲಿ, ಆಡುಮಾತು ಅಂತ ಗುರುತು ಹಾಕಿ ಸೇರಿಸಿದೀನಿ.